ಕೆಂಚಾರ್ಲಹಳ್ಳಿಗೆ ಕ್ಯಾಮೆರಾ ಕೊಂಡೊಯ್ಯುವಿರಾ?

ನಿಮ್ಮ ಮನೆಯಲ್ಲೂ ಒಂದು ಕ್ಯಾಮೆರಾ ಇದ್ದೇ ಇರುತ್ತದೆ. ಮಗುವಿನ ನಾಮಕರಣಕ್ಕೆಂದು ಯಜಮಾನರು ಕೊಂಡದ್ದು, ಇಲ್ಲವೇ ದುಬೈಯಲ್ಲಿರುವ ತಮ್ಮ ತಂದುಕೊಟ್ಟದ್ದು. ಅದೀಗ ಎಲ್ಲಿದೆ ಹೇಳಿ ನೋಡೋಣ? ಬೀರುವಿನ ಮೇಲಿನ ಅರೆಯಲ್ಲಿ, ಧಾರೆ ಸೀರೆಯ ಪಕ್ಕದಲ್ಲಿ, ಚರ್ಮದ ಚೀಲದೊಳಗೆ, ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮಲಗಿದೆ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಹೊರಗೆ ಬರುತ್ತದೆ. ಮುಟ್ಟಲು ಹೋದ ಮಕ್ಕಳಿಗೆ "ಏಯ್, ಜೋಪಾನ!" ಅಂತ ಗದರಿಕೆ. ಹೀಗೆ ಜೋಪಾನ ಮಾಡಿಸಿಕೊಂಡ ಕ್ಯಾಮೆರಾಗಳೇ ಬೇಗ ಹಾಳಾಗುವುದು, ಗೊತ್ತೇ? ದಿನಾ ಕೈಯಲ್ಲಿ ಓಡಾಡುವ ಕ್ಯಾಮೆರಾಕ್ಕೆ ಧೂಳು ಹಿಡಿಯಬಹುದು, ಆದರೆ ಬೂಷ್ಟು ಹಿಡಿಯುವುದು ಅಪರೂಪ.

ಈ ಧೂಳು ಮತ್ತು ಬೂಷ್ಟಿನ ವಿಷಯವನ್ನು ಮನೆಯಲ್ಲಿ ಕೂತು ಹೇಳುವುದಕ್ಕಿಂತ ನಿಮ್ಮನ್ನು ಒಂದು ಊರಿಗೆ ಕರೆದುಕೊಂಡು ಹೋಗುವುದೇ ವಾಸಿ. ಎರಡೂ ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಎರಡನ್ನೂ ನಿಭಾಯಿಸಬಲ್ಲ ಹೆಂಗಸರೂ ಅಲ್ಲಿದ್ದಾರೆ.

ಊರು ಕೆಂಚಾರ್ಲಹಳ್ಳಿ. ಚಿಂತಾಮಣಿ ತಾಲ್ಲೂಕು. ೨೦೦೭ರವರೆಗೆ ಕೋಲಾರ ಜಿಲ್ಲೆ ಎನ್ನುತ್ತಿದ್ದೆವು. ಆ ವರ್ಷ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೆ ವಿಳಾಸ ಬದಲಾಯಿತು, ಮಣ್ಣಿನ ಬಣ್ಣ ಬದಲಾಗಲಿಲ್ಲ. ಪ್ರವಾಸಿಗರು ಈ ತಾಲ್ಲೂಕಿಗೆ ಬಂದರೆ ಕೈವಾರದ ತಾತಯ್ಯನವರ ಸನ್ನಿಧಿಗೆ ಹೋಗುತ್ತಾರೆ, ಮುರುಗಮಲ್ಲದ ದರ್ಗಾಕ್ಕೆ ಹೋಗುತ್ತಾರೆ, ಕೈಲಾಸಗಿರಿಯ ಗುಹೆಗಳನ್ನು ನೋಡಿ ಅಂಬಾಜಿದುರ್ಗದ ಬೆಟ್ಟಕ್ಕೆ ಕೈಮುಗಿದು ಬಸ್ಸು ಹತ್ತುತ್ತಾರೆ. ಕೆಂಚಾರ್ಲಹಳ್ಳಿ ಅಂಥ "ನೋಡುವ" ಊರಲ್ಲ, ಇರುವ ಊರು. ರಾಗಿ ಹೊಲ, ಹಿಪ್ಪುನೇರಳೆ ತೋಟ, ಹುಣಿಸೆ ಮರ, ದೂರದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತಹ ಗುಂಡುಕಲ್ಲಿನ ಗುಡ್ಡ. ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. "ರಾಮ್ಮಾ, ಕೂತ್ಕೊಳ್ಳಿ" ಅಂತ ಒಂದೇ ಉಸಿರಿನಲ್ಲಿ ಎರಡು ಭಾಷೆ ಕೇಳಿದರೆ ಅಚ್ಚರಿಪಡಬೇಡಿ.

ಬೆಳಿಗ್ಗೆಯೇ ಹೊರಡಿ. ಗುಂಡುಕಲ್ಲಿನ ಗುಡ್ಡಗಳ ಮೇಲೆ ಒಳ್ಳೆಯ ಬೆಳಕು ಬೀಳುವುದು ಸೂರ್ಯ ಹುಟ್ಟಿದ ಒಂದು ಒಂದೂವರೆ ಗಂಟೆಯವರೆಗೆ. ಆಮೇಲೆ ಬಂಡೆಯೆಲ್ಲ ಬಿಳಿಚಿಕೊಂಡು ಚಿತ್ರ ಸಪ್ಪೆಯಾಗುತ್ತದೆ. ಸಂಜೆ ಐದರ ಮೇಲೆ ಮತ್ತೆ ಚೆಂದ. ಬೆಳಕಿನ ಬಗ್ಗೆ ಇಷ್ಟು ಸಾಕು.

ಚಿಂತಾಮಣಿಯಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿರೋ, ಧೂಳು ಶುರು. ಎದುರಿಂದ ಟೊಮೇಟೊ ಲಾರಿ ಬಂದರೆ ಸಾಕು, ಸೀರೆ, ಕೂದಲು, ಹುಬ್ಬು ಎಲ್ಲ ಕೆಂಪು. ಇದು ಸಾಮಾನ್ಯ ಧೂಳಲ್ಲ. ಬಂಡೆ ಸವೆದು ಆದ ಮಣ್ಣು. ಅದರಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಬೆಣಚುಕಲ್ಲು ಗಾಜಿಗಿಂತ ಗಟ್ಟಿ. ಈಗ ನಾವು ಹೆಂಗಸರು ಅಭ್ಯಾಸಬಲದಿಂದ ಏನು ಮಾಡುತ್ತೇವೆ? ಕನ್ನಡಕಕ್ಕೆ ಧೂಳಾದರೂ ಸೆರಗು, ಮಗುವಿನ ಮೂಗಿಗೂ ಸೆರಗು, ಕ್ಯಾಮೆರಾದ ಮಸೂರಕ್ಕೂ ಅದೇ ಸೆರಗು. ದಯವಿಟ್ಟು ಬೇಡಿ. ಗಂಜಿ ಹಾಕಿದ ಸೀರೆಯಾದರಂತೂ ಕೇಳಲೇಬೇಡಿ, ಪಾತ್ರೆ ತಿಕ್ಕುವ ಉಪ್ಪುಕಾಗದದಿಂದ ಉಜ್ಜಿದ ಹಾಗೆ. ಮಸೂರದ ಮೇಲೆ ಬೆಳಕು ಪ್ರತಿಫಲಿಸದಂತೆ ಬಳಿದಿರುವ ಒಂದು ತೆಳುವಾದ ಪದರ ಇರುತ್ತದೆ. ವಾರೆಯಾಗಿ ಹಿಡಿದರೆ ನೇರಳೆಯೋ ಹಸಿರೋ ಛಾಯೆ ಕಾಣುತ್ತದಲ್ಲ, ಅದೇ. ಅದಕ್ಕೆ ಗೀರು ಬಿದ್ದರೆ ಮತ್ತೆ ಸರಿಹೋಗದು.

ಮೊದಲು ಗಾಳಿ, ಆಮೇಲೆ ಕುಂಚ, ಕೊನೆಗೆ ಬಟ್ಟೆ. ಈ ಕ್ರಮ ತಪ್ಪಿಸಬೇಡಿ. ಗಾಳಿಗೆ ರಬ್ಬರ್ ಉಂಡೆಯ ಬ್ಲೋಯರ್ ಸಿಗುತ್ತದೆ. ಬಾಯಿಂದ ಊದಿದರೆ ಎಂಜಲಿನ ಹನಿ ಕೂರುತ್ತದೆ. ಕ್ಯಾಮೆರಾದ ಮುಖ ಕೆಳಗೆ ಮಾಡಿ ಊದಿದರೆ ಧೂಳು ತಾನೇ ಉದುರುತ್ತದೆ. ಮೆತ್ತನೆಯ ಕುಂಚವನ್ನು ಇದೊಂದಕ್ಕೇ ಮೀಸಲಿಡಿ, ಮುಖಕ್ಕೆ ಪೌಡರ್ ಹಚ್ಚಿದ್ದು ಬೇಡ. ಆಮೇಲೂ ಬೆರಳಿನ ಗುರುತು ಉಳಿದಿದ್ದರೆ ಮಾತ್ರ ಮೈಕ್ರೋಫೈಬರ್ ಬಟ್ಟೆಗೆ ಒಂದೇ ಹನಿ ಮಸೂರ ತೊಳೆಯುವ ದ್ರವ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ದ್ರವವನ್ನು ಗಾಜಿನ ಮೇಲೇ ನೇರ ಸುರಿದರೆ ಅಂಚಿನ ಸಂದಿಯಲ್ಲಿ ಒಳಗಿಳಿಯುತ್ತದೆ.

"ನನ್ನ ಹತ್ತಿರ ಕ್ಯಾಮೆರಾ ಇಲ್ಲ, ಮೊಬೈಲೊಂದೇ" ಅನ್ನುವ ಸೋದರಿಯರೇ, ನಿಮಗೂ ಇದೇ ಮಾತು. ಒಗ್ಗರಣೆಯ ಎಣ್ಣೆ, ಅರಿಸಿನ, ಹೂವಿನ ಒದ್ದೆ, ಎಲ್ಲ ಮೆತ್ತಿದ ಕೈಯಲ್ಲೇ ಫೋನು ಎತ್ತುತ್ತೇವೆ. ದೀಪದ ಸುತ್ತ ಮಂಜು ಕವಿದಂತೆ ಚಿತ್ರ ಬಂದರೆ ಫೋನಿನ ದೋಷವೆಂದು ಅಂಗಡಿಗೆ ಓಡಬೇಡಿ. ಹಿಂಬದಿಯ ಆ ಕಿರುಗಣ್ಣನ್ನು ಒರೆಸಿ ನೋಡಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಮಸೂರ ಬದಲಿಸುವ ಕ್ಯಾಮೆರಾ ಇದ್ದವರು ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ ಬದಲಿಸಲು ಹೋಗಬೇಡಿ. ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾದ ಬಾಯಿ ನೆಲದ ಕಡೆಗಿಟ್ಟು, ಚೀಲದೊಳಗೇ ಕೈ ಹಾಕಿ ಬದಲಿಸಬೇಕು.

ಸೀರೆ ಉಟ್ಟುಕೊಂಡು ಇದೆಲ್ಲ ಸಾಧ್ಯವೇ ಅಂತೀರಾ? ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಸೀರೆ ಉಟ್ಟೇ ದೆಹಲಿಯಲ್ಲಿ ನೆಹರೂ ಅವರ ಚಿತ್ರ ತೆಗೆದವರು. ಆಕೆಯ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದ ಭಾರದ ಮುಂದೆ ನಮ್ಮದು ಬೆಂಕಿಪೊಟ್ಟಣ. ೨೦೧೧ರಲ್ಲಿ ಪದ್ಮವಿಭೂಷಣ ಬಂತು, ಮರುವರ್ಷ ತೀರಿಕೊಂಡರು. ಕ್ಯಾಮೆರಾದ ಪಟ್ಟಿಯನ್ನು ಒಂದೇ ಭುಜಕ್ಕೆ ನೇತುಹಾಕದೆ ಕೊರಳ ಮೂಲಕ ಅಡ್ಡಲಾಗಿ ಹಾಕಿಕೊಳ್ಳಿ, ಅದರ ಮೇಲೆ ಸೆರಗು ಬರಲಿ. ಸೆರಗಿನ ನಿಜವಾದ ಉಪಯೋಗ ಇಲ್ಲಿದೆ: ಧೂಳಿಗೆ ಮರೆ.

ಇನ್ನು ಹುಳುಮನೆಗೆ ಬರೋಣ. ನಾನು ನಿಮ್ಮನ್ನು ಇಷ್ಟು ದೂರ ಕರೆತಂದದ್ದೇ ಇದಕ್ಕೆ.

ಚಿಂತಾಮಣಿ, ಶಿಡ್ಲಘಟ್ಟದ ಈ ಸೀಮೆಯಲ್ಲಿ ರೇಷ್ಮೆಹುಳು ಸಾಕುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಸೊಪ್ಪು ತರಲು ಗಂಡಸರಿದ್ದರೂ ಹಗಲು ರಾತ್ರಿ ಹುಳುವಿನ ಮುಂದೆ ಇರುವವಳು ಮನೆಯ ಹೆಂಗಸು. ಮೊಟ್ಟೆಯೊಡೆದು ಬಂದ ಮರಿ ಗೂಡು ಕಟ್ಟಲು ಸುಮಾರು ೨೫ರಿಂದ ೨೮ ದಿನ. ಅಷ್ಟರಲ್ಲಿ ನಾಲ್ಕು ಬಾರಿ ಪೊರೆ ಬಿಡುತ್ತದೆ. ಹುಳು ಮೇವು ಬಿಟ್ಟು, ತಲೆ ಎತ್ತಿ ಅಲುಗದೆ ಕೂರುವ ಆ ಹೊತ್ತನ್ನು ಇಲ್ಲಿನವರು "ಜ್ವರ" ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರ ಬಂದ ಮಗುವಿನ ಕೋಣೆಗೆ ಹೊರಗಿನವರನ್ನು ಬಿಡುತ್ತೀರಾ? ಇವರೂ ಬಿಡುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಯಾರ ಮೂಲಕವಾದರೂ ಕೇಳಿಸಿ, "ಹುಳು ಹಣ್ಣಾಗುವುದು ಯಾವಾಗ?" ಎಂದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನವೇ ಕ್ಯಾಮೆರಾಕ್ಕೆ ಹಬ್ಬ.

ಬಾಗಿಲಲ್ಲಿ ನಿಮ್ಮನ್ನು ತಡೆಯುತ್ತಾರೆ. "ಅಮ್ಮಾ, ಚಪ್ಪಲಿ ಆಚೆ ಬಿಡಿ. ಕಾಲು ಇದರಲ್ಲಿ ಅದ್ದಿ, ಕೈ ತೊಳ್ಕೊಳ್ಳಿ." ಹೊಸಲಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರು ಇರುತ್ತದೆ. ಬೇಸರಪಟ್ಟುಕೊಳ್ಳಬೇಡಿ. ಒಳಗೆ ತಟ್ಟೆಗಳಲ್ಲಿ ಹರಡಿರುವುದು ಆ ಮನೆಯ ಮೂರು ನಾಲ್ಕು ವಾರದ ದುಡಿಮೆ. ಸಾಲಗಾರನಿಗೆ ಕೊಡಬೇಕಾದ ಕಂತು, ಮಗಳ ಕಾಲೇಜಿನ ಫೀಜು. ಹುಳುವಿಗೆ ಬರುವ ರೋಗಗಳ ಹೆಸರೇ ಕೇಳಿ: ಗಂಟು ರೋಗ, ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು. ಒಂದು ಹೊಕ್ಕರೆ ಇಡೀ ಬೆಳೆಯನ್ನು ಗುಂಡಿ ತೋಡಿ ಹೂಳಬೇಕಾಗಬಹುದು. ರೋಗ ಒಳಹೋಗುವುದು ಕಾಲಿನ ಧೂಳಿನಲ್ಲಿ, ಕೈಯಲ್ಲಿ, ಬೇರೆ ಹುಳುಮನೆಯಿಂದ ಬಂದ ಸಾಮಾನಿನಲ್ಲಿ. ನಿಮ್ಮ ಕ್ಯಾಮೆರಾದ ಚೀಲವೂ ಅಂಥ ಸಾಮಾನೇ. ಬಸ್ಸಿನ ನೆಲದಲ್ಲಿಟ್ಟು ತಂದ ಚೀಲ, ಮೂರು ಕಾಲಿನ ಸ್ಟ್ಯಾಂಡು, ಎರಡೂ ಹೊರಗೇ ಇರಲಿ. ಒರೆಸಿದ ಕ್ಯಾಮೆರಾ ಒಂದನ್ನೇ ಒಯ್ಯಿರಿ. ಒಂದು ದಿನಕ್ಕೆ ಒಂದೇ ಹುಳುಮನೆ. "ಪಕ್ಕದ ಊರಿನದನ್ನೂ ನೋಡಿಬಿಡೋಣ" ಬೇಡ. ಸೊಳ್ಳೆಬತ್ತಿ ಉರಿಸಿದ ಕೋಣೆಯಲ್ಲಿ ರಾತ್ರಿಯೆಲ್ಲ ಇದ್ದ ಶಾಲು ಹೊದ್ದು ಹೋಗಬೇಡಿ, ಸೆಂಟು ಬೇಡ, ತಂಬಾಕಿನವರು ಜೊತೆಗಿದ್ದರೆ ಅವರು ಹೊರಗೆ ಹುಣಿಸೆ ಮರದಡಿ ಕೂರಲಿ. ಕ್ಯಾಮೆರಾ ಕೆಟ್ಟರೆ ನಾವು ರಿಪೇರಿಗೆ ಕೊಡುತ್ತೇವೆ. ಇವರ ಬೆಳೆಗೆ ರಿಪೇರಿ ಅಂಗಡಿ ಇಲ್ಲ.

ಒಳಗೆ ಕಾಲಿಟ್ಟ ಕೂಡಲೇ ಎರಡು ಸಂಗತಿ ಆಗುತ್ತದೆ. ಒಂದು, ಕಿವಿಗೆ ಮಳೆಯ ಸದ್ದು. ಹೊರಗೆ ಬಿಸಿಲು, ಒಳಗೆ ಸಾವಿರಾರು ಹುಳು ಸೊಪ್ಪು ಮೇಯುವ ಸರಸರ. ಇದನ್ನು ಯಾವ ಕ್ಯಾಮೆರಾವೂ ಚಿತ್ರಕ್ಕೆ ಇಳಿಸಲಾರದು, ಸುಮ್ಮನೆ ನಿಂತು ಕೇಳಿ. ಎರಡು, ಮಸೂರ ಮಬ್ಬಾಗುತ್ತದೆ. ಹುಳುಮನೆಯನ್ನು ೨೪ರಿಂದ ೨೮ ಡಿಗ್ರಿ ಬೆಚ್ಚಗೆ, ಗಾಳಿಯ ತೇವ ನೂರಕ್ಕೆ ೭೦ರಿಂದ ೮೫ರಷ್ಟು ಇರುವಂತೆ ನೋಡಿಕೊಳ್ಳುತ್ತಾರೆ; ಬೇಸಿಗೆಯಲ್ಲಿ ಒದ್ದೆ ಗೋಣಿತಾಟು ಕಟ್ಟುತ್ತಾರೆ, ಚಳಿಗಾಲದಲ್ಲಿ ಕಾವು ಕೊಡುತ್ತಾರೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾ ಆ ಬೆಚ್ಚನೆಯ ಒದ್ದೆ ಗಾಳಿಗೆ ಬಂದರೆ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯಂತೆ ಬೆವರುತ್ತದೆ. ಒರೆಸಿದಷ್ಟೂ ಮತ್ತೆ ಮಬ್ಬು, ಒಳಗಿನ ಗಾಜೂ ಬೆವರುವುದುಂಟು. ಉಪಾಯ ಸುಲಭ. ಹೊರಗಿದ್ದಾಗಲೇ ಕ್ಯಾಮೆರಾವನ್ನು ಶುಭ್ರವಾದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಹಾಗೇ ಒಳಗೊಯ್ದು ಇಪ್ಪತ್ತು ಮೂವತ್ತು ನಿಮಿಷ ಬಿಡಿ. ಬೆವರುವುದಾದರೆ ಚೀಲದ ಹೊರಮೈ ಬೆವರಲಿ. ಕ್ಯಾಮೆರಾ ಬೆಚ್ಚಗಾದ ಮೇಲೆ ಬಿಚ್ಚಿ. ಆ ಅರ್ಧ ಗಂಟೆ ಮನೆಯಾಕೆಯ ಜೊತೆ ಮಾತಾಡಿ, ಅವರು ಮೊದಲು ಗೂಡಿನ ಧಾರಣೆಯ ಮಾತೇ ತೆಗೆಯುತ್ತಾರೆ.

ಫ್ಲ್ಯಾಷ್ ಬೇಡ. ಹುಳುವಿಗೆ ಮಂದ ಬೆಳಕು ಹಿತ, ಮೇಲಾಗಿ ಫ್ಲ್ಯಾಷಿನಲ್ಲಿ ಹುಳುವಿನ ನಯವಾದ ಮೈ ಸೀಮೆಸುಣ್ಣದ ತುಂಡಿನಂತೆ ಕಾಣುತ್ತದೆ. ಕಿಟಕಿಯ ಕಡೆಯಿಂದ ಬೆಳಕು ಬೀಳುವ ತಟ್ಟೆ ಹುಡುಕಿ, ಐಎಸ್‌ಒ ಅಂಕಿ ಏರಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಉಸಿರು ಬಿಗಿಹಿಡಿದು ಗುಂಡಿ ಒತ್ತಿ. ಇಲ್ಲೊಂದು ಗುಟ್ಟಿದೆ. ಬಿಳಿ ಹುಳು, ಬಿಳಿ ಗೂಡು ಕಂಡರೆ ಕ್ಯಾಮೆರಾ "ಅಬ್ಬಾ ಎಷ್ಟು ಬೆಳಕು!" ಎಂದು ಮೋಸಹೋಗಿ ಚಿತ್ರವನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಮೆಟ್ಟಿಲು ಹೆಚ್ಚಿಗೆ ಕೊಡಿ. ಮೊಬೈಲಿನಲ್ಲಾದರೆ ಹುಳುವಿನ ಮೇಲೆ ಬೆರಳು ತಾಗಿಸಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ.

ಸೊಪ್ಪು ಹಾಕುವ ಕೈಗಳ ಚಿತ್ರ ತೆಗೆಯಿರಿ. ಮುಖಕ್ಕೆ ಹಿಡಿಯುವ ಮುನ್ನ ಕೇಳಿ. ಬಹಳ ಮಂದಿ "ಇರಿ, ತಲೆ ಬಾಚ್ಕೊಂಡು ಬರ್ತೀನಿ" ಅನ್ನುತ್ತಾರೆ. ಬಾಚಿಕೊಂಡು ಬಂದ ಮೇಲಿನ ಚಿತ್ರವನ್ನೂ ತೆಗೆಯಿರಿ, ಅದು ಅವರಿಗೆ ಬೇಕಾದ ಚಿತ್ರ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಜೀವಮಾನವೆಲ್ಲ ತೆಗೆದದ್ದು ಇಂಥ ಸಾಮಾನ್ಯ ಜನರನ್ನೇ.

ಈಗ ಬೂಷ್ಟಿನ ಕಥೆ. ಸುಣ್ಣಕಟ್ಟು ರೋಗ ಅಂದೆನಲ್ಲ, ಅದರಲ್ಲಿ ಸತ್ತ ಹುಳು ಬೆಳ್ಳಗೆ, ಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಕಾರಣ ಒಂದು ಬಗೆಯ ಬೂಷ್ಟು. ಇದನ್ನು ಮೊದಲು ತೋರಿಸಿಕೊಟ್ಟವನು ಇಟಲಿಯ ಅಗೋಸ್ಟಿನೋ ಬಾಸ್ಸಿ, ೧೮೩೫ರಲ್ಲಿ. ಕಣ್ಣಿಗೆ ಕಾಣದ ಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲದೆಂದು ಜಗತ್ತಿಗೆ ತಿಳಿದದ್ದು ಬಡ ರೇಷ್ಮೆಹುಳುವಿನಿಂದ. ತೇವ ಹೆಚ್ಚಾದ ತಟ್ಟೆಯಲ್ಲಿ ಈ ಬೂಷ್ಟು ಹಬ್ಬುತ್ತದೆ. ಅದಕ್ಕೇ ಇಲ್ಲಿನ ಹೆಂಗಸರು ಹುಳು ಜ್ವರಕ್ಕೆ ಕೂತಾಗ ತಟ್ಟೆಯ ಮೇಲೆ ಅರಳಿದ ಸುಣ್ಣದ ಪುಡಿ ಉದುರಿಸಿ ತೇವ ಎಳೆಸುತ್ತಾರೆ, ಕಿಟಕಿ ತೆರೆದು ಗಾಳಿಯಾಡಿಸುತ್ತಾರೆ, ಹಿಕ್ಕೆ ಕಸ ಕೂಡಲು ಬಿಡುವುದಿಲ್ಲ. ಕ್ಯಾಮೆರಾದ ಮಸೂರಕ್ಕೆ ಬರುವುದೂ ಬೂಷ್ಟಿನ ಜಾತಿಯದೇ. ಅದಕ್ಕೂ ತೇವ, ಕತ್ತಲೆ, ಆಡದ ಗಾಳಿ ಬೇಕು. ಅಂದರೆ ನಿಮ್ಮ ಬೀರು! ಮನೆಗೆ ಹೋದ ಕೂಡಲೇ ಒಂದು ಪರೀಕ್ಷೆ ಮಾಡಿ. ಮಸೂರದ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ವಾರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹೊಕ್ಕಿದೆ. ಎಳೆಯದಾಗಿದ್ದರೆ ಕಸುಬು ತಿಳಿದ ರಿಪೇರಿಯವರು ಬಿಚ್ಚಿ ತೊಳೆದುಕೊಡುತ್ತಾರೆ. ಬಲಿತದ್ದಾದರೆ ಗಾಜಿನ ಮೇಲ್ಪದರವನ್ನೇ ತಿಂದಿರುತ್ತದೆ. ಅಂಥದನ್ನು ಬೇರೆ ಮಸೂರಗಳ ಜೊತೆ ಇಡಬೇಡಿ.

ಚರ್ಮದ ಚೀಲ ನೋಡಲು ಚೆಂದ, ಆದರೆ ತೇವ ಹಿಡಿದಿಡುತ್ತದೆ. ಪ್ರಯಾಣಕ್ಕೆ ಮಾತ್ರ ಇರಲಿ. ನುಸಿಗುಳಿಗೆಯ ಆವಿಯೂ ಗಾಜಿಗೆ ಒಳ್ಳೆಯದಲ್ಲ. "ಉಪ್ಪಿನ ಡಬ್ಬಿಗೆ ಅಕ್ಕಿ ಕಾಳು ಹಾಕುತ್ತೇವಲ್ಲ, ಕ್ಯಾಮೆರಾವನ್ನೂ ಅಕ್ಕಿಯಲ್ಲಿ ಹೂತಿಟ್ಟರಾಗದೇ?" ಎಂದು ಕೇಳುವವರಿದ್ದಾರೆ. ಆಗದು. ಅಕ್ಕಿಯ ನುಚ್ಚು ತೌಡು ಸಂದಿಗೆಲ್ಲ ಸೇರುತ್ತದೆ, ತೇವವನ್ನೂ ಅದು ಹೆಚ್ಚು ಎಳೆಯುವುದಿಲ್ಲ.

ಮುಚ್ಚಳಕ್ಕೆ ರಬ್ಬರ್ ಸುತ್ತಿರುವ ಪ್ಲಾಸ್ಟಿಕ್ ಡಬ್ಬಿ ಹೊಸದೊಂದು ಕೊಳ್ಳಿ. ಮಳೆಗಾಲದಲ್ಲೂ ವಾರದವರೆಗೆ ಚಕ್ಕುಲಿ ಮೆತ್ತಗಾಗದಂಥ ಡಬ್ಬಿ ಯಾವುದೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ತಳದಲ್ಲಿ ಸಿಲಿಕಾ ಜೆಲ್ ಇಡಿ. ಹೊಸ ಬ್ಯಾಗು, ಬೂಟಿನ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣಗಳಿವೆಯಲ್ಲ, ಅದೇ ವಸ್ತು, ಬಿಡಿಯಾಗಿಯೂ ಸಿಗುತ್ತದೆ. ತೇವ ಕುಡಿದಾಗ ನೀಲಿ ಬಣ್ಣದ್ದು ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ಆಗ ಎಸೆಯಬೇಡಿ. ಅಡಿಗೆಗೆ ಬಳಸದ ಹಳೆಯ ಕಾವಲಿಯ ಮೇಲೆ ಹರಡಿ, ರವೆ ಹುರಿಯುವುದಕ್ಕಿಂತ ಸಣ್ಣ ಉರಿಯಲ್ಲಿ, ಕಿಟಕಿ ತೆರೆದಿಟ್ಟು, ಬಣ್ಣ ಮರಳುವವರೆಗೆ ಕೈಯಾಡಿಸಿ. ಪೂರ್ತಿ ಆರಿದ ಮೇಲೆ ತೆಳು ಬಟ್ಟೆಯ ಗಂಟು ಕಟ್ಟಿ ಡಬ್ಬಿಗೆ ಹಾಕಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ಮಕ್ಕಳ ಕೈಗೆ ಸಿಗಬಾರದು, ಆ ಕಾವಲಿಯಲ್ಲಿ ಮತ್ತೆ ದೋಸೆ ಹುಯ್ಯಲೂಬಾರದು. ಕೊಳ್ಳುವಾಗ ಕಿತ್ತಳೆಯದನ್ನೇ ಕೇಳಿ. ತೇವ ಅಳೆಯುವ ಪುಟ್ಟ ಮಾಪಕವೊಂದನ್ನು ಡಬ್ಬಿಯೊಳಗಿಟ್ಟರೆ ಇನ್ನೂ ಮೇಲು, ೪೦ರಿಂದ ೫೦ರ ನಡುವೆ ಇರಲಿ. ಹುಳುವಿಗೆ ಬೇಕಾದ ೮೦ ಕ್ಯಾಮೆರಾಕ್ಕೆ ಬೇಡ. ಆದ್ದರಿಂದ ಹುಳುಮನೆಯಿಂದ ಬಂದ ದಿನ ಕ್ಯಾಮೆರಾವನ್ನು ನೇರ ಡಬ್ಬಿಗೆ ತುಂಬಬೇಡಿ. ಫ್ಯಾನಿನ ಗಾಳಿಯಲ್ಲಿ, ನೆರಳಲ್ಲಿ ಒಂದು ಗಂಟೆ ಇಡಿ. ಮೈಮೇಲೆ ಸುಣ್ಣದ ಪುಡಿ ಕೂತಿದ್ದರೆ ಮೊದಲು ಒಣ ಕುಂಚದಿಂದ ಉದುರಿಸಿ. ಒದ್ದೆ ಬಟ್ಟೆ ತಾಗಿಸಿದರೆ ಪುಡಿ ಕಲೆಯಾಗಿ ಅಂಟುತ್ತದೆ. ಬಿಸಿಲಿಗಿಟ್ಟು ಒಣಗಿಸುವುದೂ ಬೇಡ, ಕಾವಿಗೆ ಒಳಗಿನ ಎಣ್ಣೆ ಕರಗಿ ಹರಿಯುತ್ತದೆ. ಬೆಳೆ ತೆಗೆದ ಮೇಲೆ ಹುಳುಮನೆಗೆ ಬ್ಲೀಚಿಂಗ್ ಪೌಡರೋ ಫಾರ್ಮಲಿನ್ನೋ ಹೊಡೆಯುವ ದಿನಗಳಲ್ಲಿ ಕ್ಯಾಮೆರಾ ಹಿಡಿದು ಅತ್ತ ಸುಳಿಯಲೇಬೇಡಿ. ಆ ಆವಿ ನಿಮ್ಮ ಕಣ್ಣಿಗೂ ಕೆಟ್ಟದ್ದು, ಲೋಹದ ಭಾಗಕ್ಕೂ ಕೆಟ್ಟದ್ದು.

ಬ್ಯಾಟರಿ ವಿಷಯ ಚಿಕ್ಕದು. ತಿಂಗಳುಗಟ್ಟಲೆ ಬಳಸದಿದ್ದರೆ ತೆಗೆದಿಡಿ. ಪೆನ್ಸಿಲ್ ಸೆಲ್ಲುಗಳು ಸೋರಿ ಒಳಗೆಲ್ಲ ಬಿಳಿ ಹಸಿರು ಹೊಪ್ಪಳೆ ಕಟ್ಟುತ್ತವೆ. ಚಾರ್ಜ್ ಮಾಡುವ ಬ್ಯಾಟರಿಯನ್ನು ಅರ್ಧ ತುಂಬಿಸಿಟ್ಟರೆ ಬಾಳಿಕೆ ಹೆಚ್ಚು. ಊದಿಕೊಂಡಿದ್ದರೆ ಮತ್ತೆ ಚಾರ್ಜಿಗೆ ಹಾಕಬೇಡಿ.

ಕೆಲವರ ಮನೆಯಲ್ಲಿ ಮಾವನವರ ಕಾಲದ ಆಗ್ಫಾ ಕ್ಲಿಕ್ ೩ ಇನ್ನೂ ಇದೆ. ಅದನ್ನು ಗುಜರಿಗೆ ಹಾಕಬೇಡಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ "ಇಂದು" ಫಿಲ್ಮು ಈಗಿಲ್ಲವಾದರೂ ಹನ್ನೆರಡು ಚಿತ್ರದ ಆ ೧೨೦ ರೋಲನ್ನು ಹೊರದೇಶದ ಕಾರ್ಖಾನೆಗಳು ಇಂದಿಗೂ ಮಾಡುತ್ತಿವೆ. ತಿಂಗಳಿಗೊಮ್ಮೆ ಖಾಲಿ ಕ್ಯಾಮೆರಾದ ಗುಂಡಿಯನ್ನು ಹತ್ತು ಸಲ ಒತ್ತಿ, ಒಳಗಿನ ಸ್ಪ್ರಿಂಗು ಜಡವಾಗದಿರಲಿ.

ತೆಗೆದ ಚಿತ್ರಗಳನ್ನು ಫೋನಿನಲ್ಲೋ ಕಾರ್ಡಿನಲ್ಲೋ ಮಾತ್ರ ಬಿಡಬೇಡಿ. ಎರಡು ಪ್ರತಿ ಮಾಡಿ, ಎರಡು ಕಡೆ ಇಡಿ, ಒಂದು ತೌರುಮನೆಯಲ್ಲಿದ್ದರೂ ಆದೀತು. ಕಾರ್ಡನ್ನು ಖಾಲಿ ಮಾಡುವುದು ಆ ಎರಡು ಪ್ರತಿಯನ್ನೂ ತೆರೆದು ನೋಡಿದ ಮೇಲೆ.

ಇನ್ನೊಂದು ಪ್ರತಿ ಕಾಗದದ ಮೇಲೆ ಅಚ್ಚು ಹಾಕಿಸಿ ಆ ಹುಳುಮನೆಯಾಕೆಗೆ ತಲುಪಿಸಿ. ಚಿಂತಾಮಣಿಯ ಯಾವ ಸ್ಟುಡಿಯೋದಲ್ಲಾದರೂ ಮಾಡಿಕೊಡುತ್ತಾರೆ. ಸೊಪ್ಪು ಹಿಡಿದ ಕೈಗಳದ್ದೊಂದು, ತಲೆ ಬಾಚಿಕೊಂಡು ನಿಂತದ್ದೊಂದು. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಿದ ಮೇಲೆ, ಮುಂದಿನ ಚಾಕಿ ಹುಳು ಮನೆಗೆ ಬರುವ ಮೊದಲು, ಅವರಿಗೆ ಒಂದಿಷ್ಟು ದಿನ ಬಿಡುವಿರುತ್ತದೆ. ಆಗ ಹೋಗಿ. ಬಾಗಿಲಲ್ಲಿ ಚಪ್ಪಲಿ ಮಾತ್ರ ಆಗಲೂ ಆಚೆಯೇ ಬಿಡಿ.